ಕೈಗುಣ ಅನ್ನೂದು ಬಿಡ್ರಿ, ಹಿಟ್ಟು ಏನ್ ಹೇಳತೈತಿ ಕೇಳ್ರಿ

ನಮ್ಮ ಕಡೆ ಅಡಗಿಮನ್ಯಾಗ ಎರಡು ಮಾತು ಭಾಳ ಓಡ್ಯಾಡತಾವ. ಒಂದು "ಅಂದಾಜು", ಇನ್ನೊಂದು "ಕೈಗುಣ". ಹಿಟ್ಟಿಗೆ ನೀರು ಎಷ್ಟು ಹಾಕಬೇಕು ಅಂತ ಹೊಸದಾಗಿ ಬಂದ ಸೊಸಿ ಕೇಳಿದ್ರ "ಅಂದಾಜಿಲೆ ಹಾಕವಾ" ಅಂತೀವಿ. ರೊಟ್ಟಿ ಛಲೋ ಬಂದ್ರ "ಆಕಿ ಕೈಗುಣ" ಅಂತೀವಿ. ಹರದ್ರ "ಈಕಿಗೆ ಕೈಗುಣ ಇಲ್ಲ ಬಿಡು" ಅಂತೀವಿ. ಅಲ್ಲಿಗೆ ಮಾತು ಮುಗೀತು. ಕೇಳಿದಾಕಿಗೆ ಏನೂ ತಿಳೀಲಿಲ್ಲ, ಹೇಳಿದಾಕಿಗೆ ಏನೂ ಹೇಳಿದಂಗ ಆಗಲಿಲ್ಲ.

ನನಗ ಈ ಎರಡೂ ಮಾತಿನ ಮ್ಯಾಲ ಸಿಟ್ಟು ಐತಿ. ಯಾಕಂದ್ರ ನಮ್ಮ ಕೈಯಾಗ ಇರೂದು ಅಂದಾಜೂ ಅಲ್ಲ, ದೇವರು ಕೊಟ್ಟ ಗುಣಾನೂ ಅಲ್ಲ. ಅದು ಅಳತಿ. ಮೆತ್ತಗಿನ ವಸ್ತು ಹೆಂಗ ಹರೀತೈತಿ, ಹೊತ್ತು ಹೋದಂಗ ಹೆಂಗ ಬದಲಾಗತೈತಿ ಅನ್ನೂದನ್ನ ಬೆರಳಿನಿಂದ ಅಳಿಯೂ ವಿದ್ಯಾ. ಅದಕ್ಕ ನಾವು ಹೆಸರು ಇಡಲಿಲ್ಲ ಅನ್ನೂ ಕಾರಣಕ್ಕ ಕಲಿಸೂದೂ ನಿಂತೈತಿ, ಅದಕ್ಕ ಕಿಮ್ಮತ್ತೂ ಸಿಗವಲ್ದು. ಇವತ್ತು ಅದನ್ನ ಬಿಡಿಸಿ ಹೇಳ್ತೀನಿ, ಓದ್ರಿ.

ಮೊದಲ ನಮ್ಮ ಜ್ವಾಳದ ಹಿಟ್ಟು ತಗೋರಿ. ಗೋಧಿಯೊಳಗ ಗ್ಲುಟೆನ್ ಅಂತ ಒಂದು ಅಂಟಿನ ಅಂಶ ಇರತೈತಿ, ಅದು ಕಣಕವನ್ನ ರಬ್ಬರಿನಂಗ ಹಿಡಿದಿಡತೈತಿ. ಜ್ವಾಳದಾಗ ಅದು ಇಲ್ಲವೇ ಇಲ್ಲ. ತಣ್ಣೀರು ಹಾಕಿ ಕಲಸಿದ್ರ ಅದು ಹಸಿ ಉಸುಕಿದ್ದಂಗ, ಬಡದ್ರ ಅಂಚು ಬಿರಿತಾವ. ಅದಕ್ಕ ನಮ್ಮ ಹಿರ್‍ಯಾರು ಎಸರು ಹಾಕೂದು ಕಂಡುಹಿಡದಾರ. ಕುದಿಯೂ ನೀರು ಬಿದ್ದ ಕೂಡ್ಲೆ ಹಿಟ್ಟಿನಾಗಿನ ಪಿಷ್ಟದ ಕಾಳು ನೀರು ಕುಡದು ಉಬ್ಬತಾವ, ಒಡದು ಅಂಟು ಬಿಡತಾವ. ಇದಕ್ಕ ಸುಮಾರು 70 ಡಿಗ್ರಿ ಮ್ಯಾಲಿನ ಕಾವು ಬೇಕು. ಎಸರು ಕುದ್ದು, ಒಲಿಯಿಂದ ಇಳಿಸಿ, ಯಾರೋ ಬಂದ್ರಂತ ಮಾತಾಡಕೋತ ನಿಂತು, ಆಮ್ಯಾಲ ಹಿಟ್ಟಿಗೆ ಹಾಕಿದ್ರ ಜಿಗಿ ಬರೂದಿಲ್ಲ. ಹಿಟ್ಟು ಅದ, ನೀರು ಅಷ್ಟ, ಆದ್ರ ಕಾವು ಇಳದೈತಿ. ಇದರಾಗ ಕೈಗುಣ ಎಲ್ಲಿ ಬಂತು?

ಜಿಗಿ ಬಂತು ಅಂತ ಹಂಗ ಬಿಟ್ಟು ಕುಂತ್ರೂ ನಡಿಯಂಗಿಲ್ಲ. ಉಬ್ಬಿದ ಪಿಷ್ಟ ಆರಿದಂಗ ಮತ್ತ ತನ್ನಷ್ಟಕ್ಕ ತಾನ ಗಟ್ಟಿ ಆಗತೈತಿ, ಹಿಡದ ನೀರು ಬಿಡತೈತಿ, ಮ್ಯಾಲಿನ ಪದರು ಗಾಳಿಗೆ ಒಣಗತೈತಿ. ಅದಕ್ಕ ಹಳೇ ಹೆಣ್ಣುಮಕ್ಕಳು ಪರಾತ ತುಂಬ ಹಿಟ್ಟು ಒಮ್ಮೆಲೆ ನಾದಿ ಇಡತಿದ್ದಿಲ್ಲ. ಒಂದು ಬದಿಗೆ ಕಲಸಿದ್ದು ಇಟಗೊಂಡು, ಒಂದೊಂದು ರೊಟ್ಟಿಗೆ ಬೇಕಾದಷ್ಟ ಮುರಕೊಂಡು, ಕೈ ಒದ್ದಿ ಮಾಡಕೊಂಡು ಮತ್ತ ನಾದತಿದ್ರು. ನೋಡಿದಾವರಿಗೆ ಅದು ಸುಮ್ನ ರೂಢಿ ಅನಸತೈತಿ. ಆದ್ರ ಆ ನಾದೂದು ಕಳಕೊಂಡ ಜಿಗಿಯನ್ನ ಒಂದಿಷ್ಟು ತಿರುಗಿ ತರೂದು. ಬೀಸಿ ತಿಂಗಳಾದ ಹಿಟ್ಟಿಗಂತೂ ಎಷ್ಟು ನಾದಿದ್ರೂ ಮೊದಲಿನ ಜಿಗಿ ಇರಂಗಿಲ್ಲ, ಕಮಟು ವಾಸನಿ ಬ್ಯಾರೆ. ಹೊಸ ಸೊಸಿಗೆ ಡಬ್ಬಿ ತಳದ ಹಳೇ ಹಿಟ್ಟು ಕೊಟ್ಟು "ನಿನಗ ರೊಟ್ಟಿ ಬರೂದಿಲ್ಲ" ಅನ್ನಾವರು ಮೊದಲ ಡಬ್ಬಿ ಮೂಸಿ ನೋಡ್ಲಿ.

ಈಗ ಹೋಳಗಿ ಕಣಕಕ್ಕ ಬರ್ರಿ. ಇಲ್ಲಿ ಎಲ್ಲಾ ಉಲ್ಟಾ. ಜ್ವಾಳದ ಹಿಟ್ಟು ಕಾಯಬಾರದು, ಗೋಧಿ ಕಣಕ ಕಾಯಬೇಕು. ನಾದಿದ ಕೂಡ್ಲೆ ಕಣಕ ಸಿಟ್ಟಿಗೆದ್ದಂಗ ಇರತೈತಿ. ಎಳದ್ರ ಹಿಂದಕ ಸರೀತೈತಿ, ಲಟ್ಟಿಸಿದ್ರ ಮತ್ತ ಕುಗ್ಗತೈತಿ. ಅದನ್ನ ಎಣ್ಣಿಯಾಗ ಮುಳುಗಿಸಿ ಒಂದು ತಾಸು, ಎರಡು ತಾಸು ಮುಚ್ಚಿಟ್ಟ ಮ್ಯಾಲ ಮುಟ್ರಿ. ಅದ ಕಣಕ ಈಗ ಹೇಳಿದಂಗ ಕೇಳತೈತಿ, ಎಳದಲ್ಲಿಗೆ ಬರತೈತಿ. ನಾವು ಏನೂ ಕೂಡಿಸಲಿಲ್ಲ, ಏನೂ ತಗೀಲಿಲ್ಲ. ಹೊತ್ತು ಒಂದು ಹೋಯ್ತು. ಒಳಗಿನ ಬಿಗುವು ಸಡ್ಲಾತು. ಅಂದ್ರ ಹೊತ್ತೂ ಒಂದು ಸಾಮಾನು ಅಂತಾತು. ಬ್ಯಾಳಿ, ಬೆಲ್ಲ, ಎಣ್ಣಿ ಬರದಂಗ ಹೊತ್ತನ್ನೂ ಚೀಟ್ಯಾಗ ಬರೀಬೇಕು. ನಾವು ಬರಿಯಂಗಿಲ್ಲ.

ಹೂರಣದ ಮಾತು ಇನ್ನೂ ಸೂಕ್ಷ್ಮ. ಕಣಕ ಮೆತ್ತಗಾದ್ರ ಸಾಲದು, ಹೂರಣ ಹದ ಆದ್ರ ಸಾಲದು. ಎರಡೂ ಒಂದ ವೇಗದಾಗ ಹರೀಬೇಕು. ಹೂರಣ ಬಿರುಸಾತು ಅಂದ್ರ ಕಣಕ ಮುಂದ ಓಡತೈತಿ, ಹೂರಣ ನಡುವ ಗಡ್ಡಿ ಆಗಿ ಕುಂದರತೈತಿ. ಹೂರಣ ತೆಳ್ಳಗಾತು ಅಂದ್ರ ಕಣಕ ಸೀಳಿ ಹೊರಗ ಬರತೈತಿ. ಅದಕ್ಕ ನಮ್ಮ ದೊಡ್ಡಮ್ಮ ಒಂದು ಕೈಯಾಗ ಹೂರಣದ ಉಂಡಿ, ಇನ್ನೊಂದು ಕೈಯಾಗ ಕಣಕದ ಉಂಡಿ ಹಿಡದು ಎರಡನ್ನೂ ಒಮ್ಮೆಲೆ ಒತ್ತಿ ನೋಡತಿದ್ಲು. ಎರಡೂ ಹೆಬ್ಬೆಟ್ಟು ಅಷ್ಟಷ್ಟ ಒಳಗ ಹೋದ್ರ "ಜೋಡಿ ಕೂಡೇತಿ" ಅಂತಿದ್ಲು. ಇದು ಅಂದಾಜು ಏನು? ಇದು ತಕ್ಕಡಿ. ಹೆಬ್ಬೆಟ್ಟಿನ ತಕ್ಕಡಿ.

ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡೂದು ನೆನಸಕೋರಿ. ಎರಿಮಣ್ಣಿಗೆ ನೀರು ಜಾಸ್ತಿ ಆದ್ರ ಕಾಲು ಕುಸದು ಎತ್ತು ಹೊಟ್ಟಿ ಮ್ಯಾಲ ಕುಂದರತೈತಿ. ನೀರು ಕಡಿಮಿ ಆದ್ರ ಕೋಡು ತಿದ್ದೂ ಮುಂದ ಕಿತ್ತು ಬರತೈತಿ. ಛಲೋ ಹದದ ಮಣ್ಣು ಬೆರಳಿಗೆ ಬಗ್ಗತೈತಿ, ತನ್ನ ಭಾರಕ್ಕ ಬಗ್ಗಂಗಿಲ್ಲ. ಈ ಒಂದು ಮಾತು ಗಟ್ಟಿ ನೆನಪಿಟಗೋರಿ, ಹಲ್ಲುಜ್ಜೂ ಪೇಸ್ಟಿನಿಂದ ಹಿಡದು ಗ್ವಾಡಿಗೆ ಬಳಿಯೂ ಮಣ್ಣಿನ ತನಕ ಎಲ್ಲಾ ಮುದ್ದಿ ವಸ್ತುವಿನ ಗುಟ್ಟು ಇದ. ಒಂದು ಮಟ್ಟದ ತನಕ ಒತ್ತಿದ್ರ ಅವು ಗಟ್ಟಿ ವಸ್ತುವಿನಂಗ ನಿಂದರತಾವ, ಆ ಮಟ್ಟ ದಾಟಿದ್ರ ನೀರಿನಂಗ ಹರೀತಾವ. ಪೇಸ್ಟು ಒತ್ತಿದ್ರ ಹೊರಗ ಬರತೈತಿ, ಬ್ರಶ್ಶಿನ ಮ್ಯಾಲ ಬಿದ್ದ ಮ್ಯಾಲ ಹರಿಯಂಗಿಲ್ಲ.

ಇದನ್ನ ಲೆಕ್ಕಕ್ಕ ತಂದಾವ ಅಮೆರಿಕದ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಯುಜೀನ್ ಬಿಂಗ್ಯಾಮ್. ಆತ ನೋಡಿದ್ದೂ ನಾವು ನೋಡೂವಂಥಾ ವಸ್ತುಗಳನ್ನ, ಮಣ್ಣಿನ ರಾಡಿ, ಬಣ್ಣ. ಬಣ್ಣ ಅನ್ನೂದು ದಪ್ಪ ನೀರಲ್ಲ, ಅದರ ಜಾತಿನ ಬ್ಯಾರೆ ಅಂತ 1919ರಾಗ ಹೇಳಿದ. ವಸ್ತುಗಳು ಹರಿಯೂ ರೀತಿ ತಿಳಕೊಳ್ಳೂ ಈ ಶಾಸ್ತ್ರಕ್ಕ "ರಿಯಾಲಜಿ" ಅಂತ ಹೆಸರು ಇಟ್ಟ. 1929ರಾಗ ಅದಕ್ಕಂತ ಒಂದು ಸಂಘಾನೂ ಹುಟ್ಟಿತು. ನಮ್ಮ ಅಜ್ಜಿ ಅವರೆಲ್ಲಾ ಆ ಹೊತ್ತಿಗೆ ನೂರಾರು ರೊಟ್ಟಿ ಬಡದು, ಹತ್ತಾರು ಜೋಡಿ ಮಣ್ಣೆತ್ತು ಮಾಡಿ ಮುಗಿಸಿದ್ರು. ಶಾಸ್ತ್ರ ಅವರಿಗೂ ಗೊತ್ತಿತ್ತು, ಹೆಸರು ಗೊತ್ತಿದ್ದಿಲ್ಲ.

ಇನ್ನು ನಮ್ಮೂರಿನ ಮಾತು. ಗುಳೇದಗುಡ್ಡ ಅಂದ ಕೂಡ್ಲೆ ಎಲ್ಲಾರೂ ಖಣ ಅಂತಾರ. ಉಡಿ ತುಂಬಾಕ, ಕುಬಸ ಹೊಲಿಸಾಕ ಈ ಖಣ ಇಲ್ದ ನಮ್ಮ ಕಡೆ ಮದವಿ ಮುಂಜಿ ಆಗೂದಿಲ್ಲ. ಈಗ ಭೌಗೋಳಿಕ ಗುರುತೂ ಸಿಕ್ಕೈತಿ. ಖಣ ನೇದಾವರ ಹೆಸರು ಬರತೈತಿ, ಅಂಗಡಿಯವರ ಹೆಸರು ಬರತೈತಿ. ಮಗ್ಗಕ್ಕ ಏರೂಕಿಂತ ಮೊದಲ ನೂಲಿಗೆ ಗಂಜಿ ಕಾಸಿದಾಕಿ ಹೆಸರು ಎಲ್ಲೂ ಬರೂದಿಲ್ಲ.

ಕೈಮಗ್ಗದ ಹತ್ತಿ ಹಾಸಿಗೆ ಗಂಜಿ ಯಾಕ ಬೇಕು? ಹಾಸಿನ ಎಳಿ ಮಗ್ಗದ ಮ್ಯಾಲ ಬಿಗಿಯಾಗಿ ನಿಂತಿರತಾವ. ಪ್ರತಿ ಸಲ ಹೊಕ್ಕು ಹಾದಾಗ ಒಂದಕ್ಕೊಂದು ತಿಕ್ಕತಾವ, ಹಣಿಗಿಯ ಏಟು ತಿಂತಾವ. ಗಂಜಿ ಇಲ್ಲಂದ್ರ ನೂಲಿನ ನವಿರು ಎದ್ದು ಎಳಿ ಹರೀತೈತಿ. ಗಂಜಿ ಆ ನವಿರನ್ನ ಅಂಟಿಸಿ ಎಳಿಗೆ ಒಂದು ಅಂಗಿ ತೊಡಸತೈತಿ. ಆದ್ರ ಆ ಗಂಜಿ ಮಾಡಬೇಕಾದ ಕೆಲಸ ನೋಡ್ರಿ. ಕುಂಚದಿಂದ ಎಳಿಯೂ ಮುಂದ ತೆಳ್ಳಗ ಹರಿದು ಪ್ರತಿ ಎಳಿಗೂ ಮುಟ್ಟಬೇಕು. ಕುಂಚ ಎತ್ತಿದ ಮ್ಯಾಲ ಹರೀದ ಅಲ್ಲೇ ನಿಂದರಬೇಕು, ಹನಿ ಆಗಿ ತೊಟ್ಟಿಕ್ಕಬಾರದು. ಒಣಗಿದ ಮ್ಯಾಲ ಎಳಿ ಗಟ್ಟಿ ಆಗಬೇಕು, ಆದ್ರ ಮುರಿಬಾರದು. ಅದಕ್ಕ ಒಂದಿಷ್ಟು ಎಣ್ಣಿ ಕೂಡಸತಾರ, ಇಲ್ಲಂದ್ರ ಒಣಗಿದ ಗಂಜಿ ಹಪ್ಪಳದಂಗ ಒಡದು ಉದರತೈತಿ.

ಹರೀಬೇಕು, ನಿಂದರಬೇಕು, ಗಟ್ಟಿ ಆಗಬೇಕು, ಬಗ್ಗಬೇಕು. ಒಂದು ಬೋಗುಣಿ ಗಂಜಿಯಿಂದ ಇಷ್ಟೆಲ್ಲಾ. ಅದರ ಮ್ಯಾಲ ಗಂಜಿ ಗಳಿಗಿಗೊಂದು ನಮೂನಿ. ಮುಂಜಾನಿ ಕಾಸಿದ್ದು ಆರಿದ ಮ್ಯಾಲ ಮಂದ ಆಗತೈತಿ. ಕಲಕಿದ್ರ ಮತ್ತ ಸಡ್ಲ ಆಗತೈತಿ, ಬಿಟ್ರ ಮತ್ತ ಹೆಪ್ಪುಗಟ್ಟತೈತಿ. ಮರುದಿನ ಮ್ಯಾಲ ನೀರು ಬಿಡತೈತಿ, ಹುಳಿ ಬರತೈತಿ. ಬ್ಯಾಸಗಿಯ ಒಣಗಾಳಿಗೆ ಒಂದು ಹದ, ಶ್ರಾವಣದ ತಂಪಿಗೆ ಇನ್ನೊಂದು ಹದ. ಸೌಟು ಎತ್ತಿ ಗಂಜಿ ಬೀಳೂದನ್ನ ನೋಡಿ, ಎರಡು ಬೆರಳಿನ ನಡುವ ತಿಕ್ಕಿ, "ಇನ್ನೊಂದು ಚರಿಗಿ ನೀರು" ಅಂತ ಹೇಳೂ ಹೆಣ್ಣುಮಗಳಿಗೆ ಏನು ಕೂಲಿ? ಭಾಳ ಮನ್ಯಾಗ ಏನೂ ಇಲ್ಲ. ಕಂಡಿಕಿ ಸುತ್ತೂದು, ಗಂಜಿ ಹಾಕೂದು, ಎಳಿ ಬಿಡಸೂದು ಎಲ್ಲಾ ಮನಿಗೆಲಸದ ಲೆಕ್ಕ. ಯಾವುದರ ಅರ್ಜಿ ತುಂಬಾಕ ಹೋದಾಗ ಉದ್ಯೋಗ ಏನು ಅಂತ ಕೇಳಿದ್ರ ಆಕಿನ ತನ್ನ ಬಾಯಿಲೆ "ಏನಿಲ್ರಿ, ಮನ್ಯಾಗ ಇರ್ತೀನಿ" ಅಂತ ಬರಸತಾಳ. ನನಗ ಹೊಟ್ಟಿ ಉರಿಯೂದು ಇಲ್ಲೇ. ಅಂದಾಜು ಅನ್ನೂ ಮಾತು ಬರೇ ಮಾತಲ್ಲ, ಅದು ಕೂಲಿ ನುಂಗತೈತಿ. ಅಂದಾಜಿಗೆ ಯಾರು ರೊಕ್ಕ ಕೊಡತಾರ? ವಿದ್ಯಾಕ್ಕ ಕೊಡತಾರ.

"ಕೈಗೆ ಗೊತ್ತಾಗೂದನ್ನ ವಿದ್ಯಾ ಅನ್ನೂದು ಹೆಂಗ?" ಅಂತ ಕೇಳಾವರಿಗೆ ಒಂದು ಸಂಗತಿ ಹೇಳತೀನಿ. ಇಂಗ್ಲಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಾಗ ಸ್ಕೋಫೀಲ್ಡ್ ಮತ್ತು ಸ್ಕಾಟ್ ಬ್ಲೇರ್ ಅಂತ ಇಬ್ಬರು ವಿಜ್ಞಾನಿಗಳು 1932ರಿಂದ ಗೋಧಿ ಕಣಕದ ಮ್ಯಾಲ ಸರಣಿ ಲೇಖನ ಪ್ರಕಟ ಮಾಡಿದ್ರು. ಕಣಕ ಎಷ್ಟು ಜಗ್ಗತೈತಿ, ಎಷ್ಟು ಹಿಂದಕ ಸರೀತೈತಿ, ಹೊತ್ತು ಹೋದಂಗ ಬಿಗುವು ಹೆಂಗ ಇಳೀತೈತಿ ಅಂತ ಅಳದ್ರು. ಸ್ಕಾಟ್ ಬ್ಲೇರ್ ಮುಂದ ರೆಡಿಂಗ್ ಊರಿನ ಹೈನುಗಾರಿಕಿ ಸಂಶೋಧನಾ ಸಂಸ್ಥೆಗೆ ಹೋದ. ಅಲ್ಲಿ ಚೀಸ್ ಮಾಡಾವರು ಹಾಲು ಒಡದ ಗಡ್ಡಿಯನ್ನ ಕೈಲೆ ಮುಟ್ಟಿ ಹದ ಹೇಳತಿದ್ರು. ಆತ ಅವರನ್ನ ನೋಡಿ ನಗಲಿಲ್ಲ. ಆ ಕೈ ಹೆಂಗ ತಿಳಕೋತೈತಿ, ಎಷ್ಟು ಸಣ್ಣ ಫರಕು ಗುರುತು ಹಿಡೀತೈತಿ ಅನ್ನೂದನ್ನ ಪರೀಕ್ಷಾ ಮಾಡಿದ. ಆ ಅಭ್ಯಾಸಕ್ಕ ಸೈಕೋ-ರಿಯಾಲಜಿ ಅಂತ ಬ್ಯಾರೆನ ಹೆಸರು ಬಂತು. ಅಂದ್ರ ಯಂತ್ರ ಮಾಡಾವರು ಸುದ್ದಾ ಮೊದಲ ಕೈ ಹತ್ರ ಬಂದು ಕೇಳ್ಯಾರ. ನಮ್ಮ ಮನಿಯ ಕೈಯನ್ನ ನಾವ ಕೇಳವಲ್ಲೆವು.

ಹೊತ್ತಿನ ಬಗ್ಗೆನೂ ಆ ಶಾಸ್ತ್ರದಾಗ ಒಂದು ಛಲೋ ವಿಚಾರ ಐತಿ. ಬಿಂಗ್ಯಾಮ್ ಜೋಡಿ ಕೆಲಸ ಮಾಡಿದ ಮಾರ್ಕಸ್ ರೈನರ್ ಅನ್ನಾತ 1964ರಾಗ ಹೇಳಿದ್ದು. ವಸ್ತು ಗಟ್ಟಿಯೋ ನೀರೋ ಅಂತ ಸುಮ್ನ ಕೇಳಬಾರದು, ನೀ ಎಷ್ಟು ಹೊತ್ತು ನೋಡ್ತಿ ಅನ್ನೂದನ್ನೂ ಕೇಳಬೇಕು. ಅದಕ್ಕೊಂದು ಲೆಕ್ಕ ಕಟ್ಟಿ, ಬೈಬಲ್ಲಿನಾಗ ಬರೂ ದೆಬೋರಾ ಅನ್ನೂ ಹೆಣ್ಣುಮಗಳ ಹೆಸರು ಇಟ್ಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಾಗ 1927ರಾಗ ಒಂದು ಆಲಿಕಿಗೆ ಡಾಂಬರಿನಂಥಾ ಕರಿ ಅಂಟು ಹಾಕಿ ಇಟ್ಟಾರ. ಸುತ್ತಿಗಿಲೆ ಬಡದ್ರ ಗಾಜಿನಂಗ ಒಡೀತೈತಿ, ಆದ್ರ ಹಂಗ ಬಿಟ್ರ ಹರೀತೈತಿ. 2014ರ ತನಕ ಬಿದ್ದದ್ದು ಒಂಬತ್ತ ಹನಿ! ಅದರ ಮುಂದ ನಮ್ಮ ಕಣಕದ ಎರಡು ತಾಸು ಏನ್ ದೊಡ್ಡದು? ಪ್ರತಿ ಮುದ್ದಿಗೂ ಅದರದ ಒಂದು ಗಡಿಯಾರ ಐತಿ. ನಮ್ಮ ಗಡಿಯಾರಕ್ಕ ಅದನ್ನ ಎಳದ್ರ ಹರೀತೈತಿ, ಅದರ ಗಡಿಯಾರಕ್ಕ ನಾವು ಕಾದ್ರ ಬಗ್ಗತೈತಿ.

ನಮ್ಮ ಹೆಣ್ಣುಮಕ್ಕಳು ಆ ಗಡಿಯಾರ ಬಲ್ಲಾವರು. ಬಿಸಿ ಸಂಗಟಿ ಈಗಿಂದೀಗ ಉಣಬೇಕು, ಆರಿದ್ರ ಕಲ್ಲು. ಹೆಪ್ಪು ಹಾಕಿದ ಮೊಸರು ಅಳಗ್ಯಾಡಸಬಾರದು, ಒಮ್ಮೆ ಒಡದು ನೀರು ಬಿಟ್ರ ಅದ ಗಡ್ಡಿ ಮತ್ತ ಕೂಡಂಗಿಲ್ಲ. ಗಂಜಿಯನ್ನ ಕಲಕಿದ್ರ ತಿರುಗಿ ಕೂಡತೈತಿ, ಮೊಸರನ್ನ ಕಲಕಿದ್ರ ಕೂಡಂಗಿಲ್ಲ. ಯಾವುದು ಮರೀತೈತಿ, ಯಾವುದು ಮರಿಯಂಗಿಲ್ಲ ಅನ್ನೂದು ಗೊತ್ತಿರಬೇಕು. ಇನ್ನು ಖಡಕ್ ರೊಟ್ಟಿ ನೋಡ್ರಿ, ಅದು ಹೊತ್ತನ್ನ ಗೆದ್ದ ಉಪಾಯ. ಬದಲಾಗೂದಕ್ಕ ನೀರು ಬೇಕು. ನೀರನ್ನ ಹಂಚಿನ ಮ್ಯಾಲ ಪೂರ್ತಿ ಹಾರಿಸಿಬಿಟ್ರ ಬದಲಾಗೂದು ನಿಂತ್ಹೋಗತೈತಿ. ಅದಕ್ಕ ಅದು ವಾರಗಟ್ಲೆ ಇರತೈತಿ, ಬೆಂಗಳೂರಿಗೂ ಹೋಗತೈತಿ, ಮಗಳ ಜೋಡಿ ಅಮೆರಿಕಾಕ್ಕೂ ಹೋಗತೈತಿ.

ಕೆಲವರು ನನಗ ಹೇಳತಾರ, "ಇದೆಲ್ಲಾ ಯಾಕ ಬೇಕು, ಈಗ ರೊಟ್ಟಿ ಮಶೀನು ಬಂದೈತಿ, ತೂಕದ ಕಾಟಾ ಐತಿ." ಬರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಮೊಣಕೈ, ರಟ್ಟಿ ನೋವು ಉಂಡಾವರಿಗೆ ಮಶೀನಿನ ಬೆಲಿ ಗೊತ್ತು. ಆದ್ರ ಮಶೀನಿಗೂ ಹದದ ಹಿಟ್ಟ ಬೇಕು. ಮಶೀನಿನ ಮುಂದ ನಿಂತು "ಇವತ್ತಿನ ಹಿಟ್ಟಿಗೆ ನೀರು ಜಾಸ್ತಿ ಬೇಕು" ಅನ್ನಾಕಿ ಯಾರು? ಅದ ಹೆಣ್ಣುಮಗಳು. ಕಾಟಾನೂ ಅಷ್ಟ. ಹಿಟ್ಟಿನ ತೂಕ ಹೇಳತೈತಿ, ಹಿಟ್ಟಿನ ವಯಸ್ಸು ಹೇಳೂದಿಲ್ಲ.

ಇನ್ನ ಕೆಲವರು ಹಿರ್‍ಯಾರು ಅಂತಾರ, "ಕೈಯಾಗಿನದು ಹೇಳಾಕ ಬರೂದಿಲ್ಲ, ಮಾಡಿ ಮಾಡಿ ಬರಬೇಕು." ಇದು ಅರ್ಧ ಖರೆ. ಮಾಡಬೇಕು, ಖರೇನ. ಆದ್ರ ಏನನ್ನ ನೋಡಬೇಕು ಅಂತ ಹೇಳಿಕೊಟ್ರ ನೂರು ರೊಟ್ಟಿಗೆ ಬರೂದು ಇಪ್ಪತ್ತಕ್ಕ ಬರತೈತಿ. ಉಳದ ಎಂಬತ್ತು ರೊಟ್ಟಿ ಬೈಗುಳ ತಿನ್ನೂದು ತಪ್ಪತೈತಿ. ನಮ್ಮ ಮನ್ಯಾಗ ತೆಂಕಣದ ಕಡೆಯಿಂದ ಬಂದ ಸೊಸಿ ಒಬ್ಬಾಕಿ ಅದಾಳ. ಅಕ್ಕಿ ತಿಂದು ಬೆಳದ ಹುಡುಗಿ, ಜ್ವಾಳ ಮುಟ್ಟಿದ್ದಿಲ್ಲ. ಮೊದಲಿನ ತಿಂಗಳು ಬೀಗರು ಬಂದಾಗೆಲ್ಲಾ ಕೈಗುಣದ ಮಾತು ಕೇಳಿ ಒಳಗ ಹೋಗಿ ಕಣ್ಣು ಒರಸಕೋತಿದ್ಲು. ಆಕಿಗೆ ನಾ ಹೇಳಿದ್ದು ನಾಕ ಮಾತು. ಎಸರು ಗುಳುಗುಳು ಕುದಿಯೂವಾಗ ಹಾಕು. ಉಂಡಿ ಒತ್ತಿದಾಗ ಅಂಚು ಬಿರಿತಾವ ಏನ ನೋಡು, ಬಿರದ್ರ ಕೈ ಒದ್ದಿ ಮಾಡಕೊಂಡು ಇನ್ನಷ್ಟು ನಾದು. ಕೈಗೆ ಮೆತ್ತಿದ್ರ ನೀರು ಜಾಸ್ತಿ ಆತು, ಹಿಟ್ಟು ಕೂಡಿಸು. ನಾದಿದ ಉಂಡಿ ಕಾಯಿಸಬ್ಯಾಡ, ಕೂಡ್ಲೆ ಬಡಿ. ಎಂಟು ದಿನದಾಗ ರೊಟ್ಟಿ ಹಂಚಿನ ಮ್ಯಾಲ ಉಬ್ಬಿತು. ಆಕಿ ಕೈ ಬದಲಾಗಲಿಲ್ಲ, ಆಕಿಗೆ ನೋಡೂದು ಗೊತ್ತಾತು ಅಷ್ಟ.

ಅದಕ್ಕ ಅಕ್ಕಾರ, ವೈನೇರ, ತಂಗೆಂದಿರ, ನನ್ನ ಮಾತು ಇಷ್ಟ. ವಾಟ್ಸಾಪಿನಾಗ ಅಡಗಿ ಬರದು ಕಳಸೂ ಮುಂದ ಒಂದು ಬಟ್ಟಲ, ಎರಡು ಚಮಚ ಅಂತ ಬರದು ಕೈಬಿಡಬ್ಯಾಡ್ರಿ. ಸೌಟಿನಿಂದ ಬಿದ್ದಾಗ ಹೆಂಗ ಬೀಳಬೇಕು, ಬೆರಳು ಒತ್ತಿದ್ರ ಗುಳಿ ಉಳೀಬೇಕೋ ಮ್ಯಾಲೆ ಬರಬೇಕೋ, ಎಷ್ಟು ಹೊತ್ತು ಮುಚ್ಚಿಡಬೇಕು, ಬ್ಯಾಸಗಿಯಾಗ ಏನು, ಮಳಿಗಾಲದಾಗ ಏನು, ಅದನ್ನೂ ಬರೀರಿ. ವಿಡಿಯೋ ಮಾಡಿದ್ರ ಮುಖಕ್ಕಿಂತ ಬೆರಳು ಜಾಸ್ತಿ ತೋರಿಸ್ರಿ. ರೊಟ್ಟಿ ಮಾಡಿ ಮಾರೂ ಹೆಣ್ಣುಮಗಳ ಹತ್ರ "ಹಿಟ್ಟಿಗೆ ಎಷ್ಟು ಬೀಳತೈತಿ, ಉಳದದ್ದೇನು ಸುಮ್ನ ಕೈಗೆಲಸ" ಅಂತ ಚೌಕಾಸಿ ಮಾಡಬ್ಯಾಡ್ರಿ. ಆ ಕೈಗೆಲಸದ ರೊಕ್ಕಾನ ನಾವು ಕೊಡೂದು.

ಮಗ್ಗ ಇರೂ ಮನಿಯವರು ಈ ಸಲ ಖರ್ಚು ವೆಚ್ಚ ಬರಿಯೂ ಮುಂದ ನೂಲು, ಬಣ್ಣ, ಕೂಲಿ ಅಂತ ಬರದ ಕೆಳಗ ಇನ್ನೊಂದು ಸಾಲು ಬರೀರಿ: ಗಂಜಿ ಹದ ಮಾಡಿದಾಕಿ ಕೂಲಿ. ಮನ್ಯಾಗಿನ ರೊಕ್ಕ ಮನ್ಯಾಗ ಉಳೀತೈತಿ ಖರೆ, ಆದ್ರ ಬರದಿದ್ದು ಕಣ್ಣಿಗೆ ಬೀಳತೈತಿ. ಮಗಳು ಅದನ್ನ ಓದತಾಳ, ಮಗಾನೂ ಓದತಾನ.